ಆರಿದ ಮಿರ್ಚಿ

ಊರುಗಳು ಇದ್ದಲ್ಲಿಯೇ ಇರುತ್ತವೆ, ಮನುಷ್ಯರು ಮಾತ್ರ ಓಡಾಡುತ್ತಾರೆ ಎಂದು ನಾವೆಲ್ಲ ನಂಬಿದ್ದೇವೆ. ನಮ್ಮ ಹಗರಿಬೊಮ್ಮನಹಳ್ಳಿಯ ಮಟ್ಟಿಗೆ ಇದು ಪೂರ್ತಿ ನಿಜವಲ್ಲ. 1953ರ ಸೆಪ್ಟೆಂಬರಿನ ಕೊನೆಯ ರಾತ್ರಿ ಅದು ಮದರಾಸು ರಾಜ್ಯದಲ್ಲಿ ಮಲಗಿ, ಬೆಳಗಾಗುವಷ್ಟರಲ್ಲಿ ಮೈಸೂರು ರಾಜ್ಯದಲ್ಲಿ ಎದ್ದಿತು. ಆಮೇಲೆ ಬಹುಕಾಲ ಬಳ್ಳಾರಿ ಜಿಲ್ಲೆಯ ಊರಾಗಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿಕೊಂಡಿತು. ಅದರ ಹೆಸರು ಉದ್ದವಾಯಿತೆಂದು ಬಸ್ಸಿನ ಕಂಡಕ್ಟರುಗಳು ಕತ್ತರಿಸಿ ‘ಎಚ್.ಬಿ. ಹಳ್ಳಿ’ ಮಾಡಿಟ್ಟರು. ಇಷ್ಟೆಲ್ಲ ಆದರೂ, ಬೆಳಗಿನ ಏಳು ಗಂಟೆಗೆ ಅಲ್ಲಿಯ ಹಳೆಯ ಹೋಟೆಲೊಂದರ ಬೆಂಚಿನ ಮೇಲೆ ಕುಳಿತು, ಬಾಯಿ ತೆರೆಯದೆ ಸುಮ್ಮನಿದ್ದರೂ ನಿಮ್ಮ ಮುಂದೆ ಬಂದು ಕೂರುವ ತಟ್ಟೆ ಬದಲಾಗಲಿಲ್ಲ. ಅದು ಒಗ್ಗರಣೆ ಮತ್ತು ಮಿರ್ಚಿಯ ತಟ್ಟೆ.

ಮೈಸೂರು ಕಡೆಯ ಓದುಗರು ಇಲ್ಲಿ ನನ್ನನ್ನು ತಡೆದು, “ಒಗ್ಗರಣೆ ಯಾವುದಕ್ಕೆ?” ಎಂದು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಮದುವೆಯಾದ ಹೊಸತು, ಬೆಂಗಳೂರಿನ ಬಾಡಿಗೆ ಮನೆ. “ಇವತ್ತು ಒಗ್ಗರಣೆ ಮಾಡು” ಎಂದೆ. ಅವಳು ಸಾಸಿವೆ ಸಿಡಿಸಿ, ಸೌಟು ಕೈಯಲ್ಲಿ ಹಿಡಿದು, ಸಾರಿಗೋ ಪಲ್ಯಕ್ಕೋ ಎಂದು ನನ್ನ ಮುಖ ನೋಡುತ್ತ ನಿಂತಳು. ನಮ್ಮಲ್ಲಿ ಒಗ್ಗರಣೆಯೆಂದರೆ ಯಾವುದಕ್ಕೂ ಅಲ್ಲ. ಅದೇ ಸ್ವತಂತ್ರವಾದ ಒಂದು ತಿಂಡಿ. ಮಂಡಕ್ಕಿಯಿಂದ ಮಾಡಿದ್ದು. ಮಂಡಕ್ಕಿಯೆಂದರೇನೆಂದು ಮತ್ತೆ ಕೇಳಿದರೆ, ಧಾರವಾಡದವರ ಚುರುಮುರಿ, ಬೆಂಗಳೂರಿನವರ ಪುರಿ. ಗಡಿ ದಾಟಿ ಅನಂತಪುರ, ಕರ್ನೂಲುಗಳಿಗೆ ಹೋದರೆ ಇದೇ ಒಗ್ಗರಣೆ ‘ಉಗ್ಗಾನಿ’ ಎಂದು ತೆಲುಗು ಮಾತಾಡುತ್ತದೆ. ಅಲ್ಲಿಯೂ ಜೊತೆಗೆ ಬಜ್ಜಿ ಇದ್ದೇ ಇದೆ.

ಮಂಡಕ್ಕಿ ಆಗುವುದು ಸುಲಭದ ಕೆಲಸವಲ್ಲ. ದಾವಣಗೆರೆಯ ಭಟ್ಟಿಗಳ ಮುಂದೆ ಒಂದು ಗಳಿಗೆ ನಿಂತವರಿಗೆ ಇದು ಗೊತ್ತು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಅದಕ್ಕೆ ಉಪ್ಪುನೀರು ಉಣಿಸಿ, ಕೊನೆಗೆ ಕಾದು ಕೆಂಡವಾದ ಮರಳಿಗೆ ಸುರಿಯುತ್ತಾರೆ. ಒಳಗಿನ ತೇವ ಒಮ್ಮೆಗೇ ಆವಿಯಾಗಿ, ಅಕ್ಕಿ ಹಿಗ್ಗಿ ಹೂವಾಗುತ್ತದೆ. ಬೆಂಕಿಯ ಮುಂದಿರುವ ಮನುಷ್ಯ ಬೆವರಿನಲ್ಲಿ ಮಿಂದಿರುತ್ತಾನೆ. ಇಷ್ಟು ಜನರ ಇಷ್ಟು ಕಷ್ಟದಿಂದ ಗರಿಗರಿಯಾಗಿ ಬಂದದ್ದಕ್ಕೆ ನಮ್ಮ ಊರಿನವರು ಮಾಡುವ ಮೊದಲ ಉಪಚಾರವೆಂದರೆ, ಅದನ್ನು ನೀರಿನಲ್ಲಿ ಮುಳುಗಿಸಿ ಮೆತ್ತಗೆ ಮಾಡುವುದು! ಮುಳುಗಿಸಿದ ತಕ್ಷಣ ಎತ್ತಿ ಹಿಂಡಬೇಕು. ಅರೆಗಳಿಗೆ ತಡವಾದರೆ ಮುದ್ದೆ. ಅವಸರವಾದರೆ ಗಂಟಲಲ್ಲಿ ನಿಲ್ಲುತ್ತದೆ. ಆಮೇಲೆ ಎಣ್ಣೆ, ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನ. ಮೇಲೆ ಒಂದು ಹಿಡಿ ಪುಟಾಣಿಯ ಹಿಟ್ಟು. ತಟ್ಟೆಯ ಅಂಚಿಗೆ ಮಿರ್ಚಿ. ಉದ್ದನೆಯ ಮೆಣಸಿನಕಾಯಿಯನ್ನು ಸೀಳಿ, ಒಳಗೆ ಉಪ್ಪು ಜೀರಿಗೆ ತಿಕ್ಕಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ನೀರಿಗೆ ಹಾಕಿ ಕಳೆದುಕೊಂಡ ಗರಿಗರಿಯನ್ನು ಹೀಗೆ ಬೇರೊಂದು ಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತೇವೆ.

ಆದ್ದರಿಂದ ಮಿರ್ಚಿಯನ್ನು ಬಾಣಲೆಯ ಪಕ್ಕದಲ್ಲಿಯೇ ತಿನ್ನಬೇಕು. ಇದು ನಮ್ಮ ತಂದೆಯ ಸಿದ್ಧಾಂತ. ಅವರು ದಲ್ಲಾಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ವಾರವೆಲ್ಲ ಶೇಂಗಾ, ಹತ್ತಿಗಳ ಲೆಕ್ಕ ಬರೆಯುವವರು. ಭಾನುವಾರ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು, ನನ್ನನ್ನು ಬೆರಳಿಗೆ ಅಂಟಿಸಿಕೊಂಡು, ಮನೆಯಿಂದ ಎರಡು ಫರ್ಲಾಂಗು ದೂರದ ಹೋಟೆಲಿಗೆ ಹೋಗುವರು. ಒಳಗೆ ಹೊಗೆ ಹಿಡಿದ ಗೋಡೆ, ನಾಲ್ಕು ಬೆಂಚು. ಬಾಣಲೆಗೆ ಹತ್ತಿರದ ಮೂಲೆಯ ಜಾಗ ಅವರದು. ನಾಲ್ಕು ಮಿರ್ಚಿ ಅವರಿಗೆ, ಎರಡು ನನಗೆ. ಕಣ್ಣಲ್ಲಿ ನೀರು ಬಂದರೂ ಬಂದಿಲ್ಲವೆಂದು ನಾನು ಸಾಧಿಸಬೇಕಾಗಿತ್ತು.

ತಿಂದಾದ ಮೇಲೆ ತಾಯಿಗೆಂದು ಒಂದು ಕಟ್ಟು ಕಟ್ಟಿಸುವರು. ಹಳೆಯ ವೃತ್ತಪತ್ರಿಕೆಯಲ್ಲಿ. (ಪತ್ರಿಕೆಗೆ ಬರೆಯುವವರೆಲ್ಲರ ಬರಹ ಕೊನೆಗೆ ಸೇರುತ್ತಿದ್ದ ಮೋಕ್ಷಸ್ಥಾನ ಅದು. 2018ರ ನಿಯಮ ಆಹಾರವನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ಹೇಳಿ ಆ ಬಾಗಿಲನ್ನೂ ಮುಚ್ಚಿತು.) ಕಟ್ಟು ಕೈಗೆ ಬಂದ ಮೇಲೆ ತಂದೆಗೆ ಎಲ್ಲಿಲ್ಲದ ಸ್ನೇಹಿತರು ಹುಟ್ಟಿಕೊಳ್ಳುವರು. ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಹತ್ತು ನಿಮಿಷ. ಔಷಧದ ಅಂಗಡಿಯಲ್ಲಿ ರಾಜಕೀಯ. ಹೊಸಪೇಟೆಯ ಗಾಡಿ ತಡವಾಯಿತೇಕೆಂದು ರೈಲಿಗೂ ತಮಗೂ ಸಂಬಂಧವಿಲ್ಲದವರ ಜೊತೆ ಚರ್ಚೆ. ಎರಡು ಫರ್ಲಾಂಗಿಗೆ ಒಂದು ತಾಸು! ಕಾಗದ ಎಣ್ಣೆ ಕುಡಿದು ಪಾರದರ್ಶಕವಾಗುವುದನ್ನು ನೋಡುತ್ತ, ಅಂಗಿಯ ಚುಂಗು ಜಗ್ಗುತ್ತ ನಾನು ನಿಂತಿರುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಮಿರ್ಚಿ ಆರಿ, ಸೊರಗಿ, ಮೈಮೇಲೆ ಅಚ್ಚಿನ ಅಕ್ಷರಗಳನ್ನು ಹೊತ್ತಿರುತ್ತಿತ್ತು.

ತಾಯಿ ಅದನ್ನೇ ತಿನ್ನುವಳು. ಆ ಹೋಟೆಲಿಗೆ ಹೆಂಗಸರು ಹೋಗುತ್ತಿರಲಿಲ್ಲ. ಹೋಗಕೂಡದೆಂದು ಬೋರ್ಡೇನೂ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ದೊಡ್ಡ ಊರುಗಳ ಹೋಟೆಲುಗಳಲ್ಲಿ ಪರದೆ ಕಟ್ಟಿದ ಫ್ಯಾಮಿಲಿ ರೂಮಾದರೂ ಇರುತ್ತಿತ್ತು, ನಮ್ಮಲ್ಲಿ ಅದೂ ಇಲ್ಲ. ಮಿರ್ಚಿಯೆಂದರೆ ಮೆತ್ತಗಿನ ಪದಾರ್ಥವೆಂದೇ ನನ್ನ ತಾಯಿ ತಿಳಿದಿದ್ದಾಳೆಂದು ನನಗೆ ಹತ್ತನೆಯ ವಯಸ್ಸಿನಲ್ಲಿ ಹೊಳೆಯಿತು. ಅಂದಿನಿಂದ ತಂದೆಯ ಮೇಲೆ ಒಂದು ಸಣ್ಣ ಸಿಟ್ಟು ನನ್ನಲ್ಲಿ ಉಳಿದುಬಿಟ್ಟಿತು. ಅವರು ತೀರಿಕೊಂಡಾಗಲೂ ಅದು ಪೂರ್ತಿ ಹೋಗಿರಲಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ.

ನಮ್ಮೂರಿನ ರೈಲುದಾರಿಯ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಪ್ರಯಾಣಿಕರ ಗಾಡಿಯೇ ಇರಲಿಲ್ಲ. 2019ರ ಅಕ್ಟೋಬರಿನಲ್ಲಿ ಹೊಸಪೇಟೆಯಿಂದ ಕೊಟ್ಟೂರಿನ ಮೇಲೆ ಹರಿಹರಕ್ಕೆ ಮತ್ತೆ ಓಡತೊಡಗಿತು. ಆ ಚಳಿಗಾಲ ಅದರಲ್ಲಿ ಕೂರುವ ಆಸೆಯನ್ನೇ ನೆಪಮಾಡಿಕೊಂಡು ಊರಿಗೆ ಹೋದೆ. ಮಾರನೆಯ ಬೆಳಿಗ್ಗೆ ತಾಯಿಗೆ, “ನಡಿ, ಹೋಟೆಲಿಗೆ ಹೋಗೋಣ” ಎಂದೆ. ಎಪ್ಪತ್ತೈದು ದಾಟಿದವಳು. ಒಂದು ಸಲ ಬೇಡವೆಂದು, ಎರಡನೆಯ ಸಲ ಹೇಳುವುದರೊಳಗೆ ಸೀರೆ ಬದಲಾಯಿಸಿದ್ದಳು.

ಹೋಟೆಲಿನ ಗೋಡೆಗೆ ಬಿಳಿಯ ಟೈಲ್ಸು ಬಂದಿತ್ತು. ಬಾಣಲೆ ಇದ್ದಲ್ಲಿಯೇ ಇತ್ತು. ಕಾಲೇಜಿನ ಹುಡುಗಿಯರು ನಾಲ್ವರು ನಗುತ್ತ ತಿನ್ನುತ್ತಿದ್ದರು. “ನಿಮ್ಮಪ್ಪ ಎಲ್ಲಿ ಕೂಡ್ತಿದ್ದ?” ಎಂದಳು. ತೋರಿಸಿದೆ. ಅಲ್ಲಿಯೇ ಕುಳಿತು, ಮೊದಲು ತಟ್ಟೆಯ ಕಡೆ ನೋಡದೆ ಬೀದಿಯ ಕಡೆ ನೋಡಿದಳು. ಐವತ್ತು ವರ್ಷ ಅದೇ ಬೀದಿಯಲ್ಲಿ ಹೊರಗಿನಿಂದ ನಡೆದುಹೋದವಳು.

ಮಿರ್ಚಿ ಬಂತು. ಕಚ್ಚಿದಳು. ಬಾಯಿ ತೆರೆದು ಗಾಳಿ ಎಳೆದುಕೊಂಡು, “ಇದು ಅದಲ್ಲ ಬಿಡಪ್ಪ” ಎಂದಳು.

“ಅದೇ ಅಮ್ಮ. ಇದು ಬಿಸಿಯದು, ಅಷ್ಟೆ.”

“ಅದಕ್ಕೇ ಹೇಳಿದ್ದು.”

ನನ್ನೊಳಗೆ ಇಷ್ಟು ವರ್ಷ ಕೂತಿದ್ದದ್ದು ಹೊರಗೆ ಬಂತು. ಅಪ್ಪ ನಿನಗೆ ಒಂದು ದಿನವೂ ಬಿಸಿಯದನ್ನು ತಂದುಕೊಡಲಿಲ್ಲ, ದಾರಿಯುದ್ದಕ್ಕೂ ಹರಟೆ ಹೊಡೆಯುತ್ತಿದ್ದ ಎಂದೆ. ತಾಯಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

“ಹುಚ್ಚಪ್ಪ, ನಾನೇ ಹೇಳಿದ್ನಿ. ಲಗೂನ ಬರಬ್ಯಾಡ, ಹುಡುಗನ್ನೂ ಕರ್ಕೊಂಡು ಹೋಗು ಅಂತ. ಆವತ್ತು ಒಂದಿನ ಮುಂಜಾನೆ ಒಲಿ ಹಚ್ಚೂದಿರಲಿಲ್ಲ. ಮನ್ಯಾಗ ಯಾರೂ ಇರಲಿಲ್ಲ. ಕಟ್ಟಿ ಮ್ಯಾಲೆ ಕಾಲು ಚಾಚಿ ಕೂಡ್ತಿದ್ನಿ. ವಾರದಾಗ ಅದೊಂದು ತಾಸು.”

ಬಾಣಲೆಯ ಸದ್ದು ಜೋರಾಗಿತ್ತು. ಅದರಿಂದ ನಾನು ಏನೂ ಹೇಳಬೇಕಾಗಿ ಬರಲಿಲ್ಲ. ತಾಯಿ ಒಗ್ಗರಣೆಯನ್ನು ಪೂರ್ತಿ ತಿಂದು, ಪುಟಾಣಿಹಿಟ್ಟು ಕಡಿಮೆಯಾಯಿತೆಂದು ತೀರ್ಪು ಕೊಟ್ಟು, ಮಿರ್ಚಿಯನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸಿದಳು. “ಇವನ್ನು ಕಟ್ಟಿಸು” ಎಂದಳು. ಹುಡುಗ ಬಿಳಿಯ ಕಾಗದದಲ್ಲಿ ಸುತ್ತಿ ಕೊಟ್ಟ. ಹೊರಗೆ ಆಟೋ ನಿಂತಿತ್ತು. ನಾನು ಕೈ ಮಾಡಿದೆ. ತಾಯಿ ನನ್ನ ಕೈಯನ್ನು ಇಳಿಸಿ, ಕಟ್ಟನ್ನು ತನ್ನ ಕೈಗೆ ತೆಗೆದುಕೊಂಡು, ಬಟ್ಟೆ ಅಂಗಡಿಯ ಕಟ್ಟೆಯ ಕಡೆಗೆ ನಿಧಾನವಾಗಿ ನಡೆಯತೊಡಗಿದಳು.