ತೊಟ್ಟಿ ಎಷ್ಟೋ ಮೀನೂ ಅಷ್ಟೇನಾ?

"ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ" ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಗಾಜಿನ ಬಟ್ಟಲಿನಲ್ಲಿ ಗೋಲ್ಡ್‌ಫಿಶ್ ಸಾಕಿದವರೆಲ್ಲ ಹೇಳುವ ಮಾತಿದು. ಇದರಲ್ಲಿ ನಿಜವೆಷ್ಟು ಎಂದು ಈ ಬೇಸಿಗೆ ರಜೆಯಲ್ಲಿ ನಾನೂ ನನ್ನ ಮೊಮ್ಮಗಳೂ ಕೂತು ಲೆಕ್ಕ ಹಾಕಬೇಕಾಯಿತು.

ನಮ್ಮ ಮನೆ ಯಲಹಂಕದಲ್ಲಿ. ಮೊಮ್ಮಗಳು ಆರನೇ ಕ್ಲಾಸು ಮುಗಿಸಿದ್ದಾಳೆ. ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟು, ಮೀನು ತರೋಣ ಎಂದು ನನ್ನನ್ನು ಆರ್.ಟಿ. ನಗರದ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಗಪ್ಪಿ, ಮೋಲಿಗಳನ್ನೆಲ್ಲ ದಾಟಿ ಮೂಲೆಯ ತೊಟ್ಟಿಯ ಮುಂದೆ ನಿಂತುಬಿಟ್ಟಳು. ಮರಳಿನ ಮೇಲೆ ಅಂಗೈ ಅಗಲದ ಜೀವವೊಂದು ದೋಸೆಯ ಹಾಗೆ ಚಪ್ಪಟೆಯಾಗಿ ಮಲಗಿತ್ತು. ಕಂದು ಮೈ, ಮೇಲೆ ಹಳದಿ ಚುಕ್ಕಿ, ಹಿಂದೆ ತೆಳ್ಳನೆಯ ಬಾಲ. ಸಿಹಿನೀರಿನ ಸ್ಟಿಂಗ್‌ರೇ. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ಬಳಗ. ಆದರೆ ಇದರ ತವರು ದಕ್ಷಿಣ ಅಮೆರಿಕದ ನದಿಗಳು, ಹೆಸರು ಮೊಟೊರೊ.

"ಅಣ್ಣಾ, ಇದು ಎಷ್ಟು ದೊಡ್ಡದಾಗುತ್ತೆ?" ಎಂದು ಕೇಳಿದಳು.

"ನಿಮ್ಮ ತೊಟ್ಟಿ ಎಷ್ಟಿದೆಯೋ ಅಷ್ಟಕ್ಕೇ ನಿಂತುಬಿಡುತ್ತಮ್ಮ" ಎಂದ ಅಂಗಡಿಯ ಹುಡುಗ.

ಯೋಚನೆ ಮಾಡಿ ಬರುತ್ತೇವೆ ಎಂದು ಹೇಳಿ ಹೊರಟೆವು. ಬಸ್ಸಿನಲ್ಲಿ ಅವಳು ನನ್ನೊಡನೆ ಮಾತಾಡಲೇ ಇಲ್ಲ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನು. ಬೇಡ ಎಂದು ಗದರಿಸಿ ಸುಮ್ಮನಾಗಿಸುವುದು ನನಗೆ ಹಿಡಿಸದು. ಊಟವಾದ ಮೇಲೆ ಒಂದು ನೋಟ್‌ಬುಕ್ ತೆಗೆದು, ಮೀನು ಎಷ್ಟು ಬೆಳೆಯುತ್ತದೆ ಎಂಬುದನ್ನು ಯಾವುದು ಯಾವುದು ನಿರ್ಧರಿಸುತ್ತದೆ ಎಂದು ಬರೆಯತೊಡಗಿದೆವು.

ಮೊದಲನೆಯದು ಜಾತಿ. ಕಾಂಬೋಡಿಯದ ಮೆಕಾಂಗ್ ನದಿಯಲ್ಲಿ 2022ರ ಜೂನ್‌ನಲ್ಲಿ 300 ಕಿಲೋ ತೂಕದ ಸ್ಟಿಂಗ್‌ರೇ ಸಿಕ್ಕಿತ್ತು. ಬಾಲವೂ ಸೇರಿ ಸುಮಾರು 4 ಮೀಟರ್ ಉದ್ದ. ಅಲ್ಲಿಯವರು ಅದಕ್ಕೆ ಹುಣ್ಣಿಮೆ ಎಂಬ ಅರ್ಥದ 'ಬೊರಾಮಿ' ಎಂಬ ಹೆಸರಿಟ್ಟು ನದಿಗೇ ಬಿಟ್ಟರು. ಮೊಟೊರೊ ಅಷ್ಟು ದೊಡ್ಡದಾಗುವ ಜಾತಿಯಲ್ಲ. ಆದರೂ ಅದರ ಮೈಯ ತಟ್ಟೆಯಗಲ ಅರ್ಧ ಮೀಟರ್ ಮುಟ್ಟುತ್ತದೆ, ದಾಟುವುದೂ ಉಂಟು. ಬಾಲ ತುಂಡಾಗಿರಬಹುದಾದ್ದರಿಂದ ಈ ಮೀನನ್ನು ಅಳೆಯುವುದು ಉದ್ದದಿಂದಲ್ಲ, ಅಗಲದಿಂದ.

ಎರಡನೆಯದು ಗಂಡೋ ಹೆಣ್ಣೋ ಎಂಬುದು. ಇವುಗಳಲ್ಲಿ ಹೆಣ್ಣೇ ದೊಡ್ಡದು. ಮೊಟ್ಟೆ ಇಡದೆ ಮರಿಯನ್ನೇ ಹಾಕುವ ಮೀನಿದು. ಮರಿಗಳಿಗೆ ತಾಯಿಯ ಹೊಟ್ಟೆಯಲ್ಲಿ ಜಾಗ ಬೇಕಲ್ಲ!

ಮೂರನೆಯದು ಊಟ. ಸೀಗಡಿ, ಹುಳು, ಮೀನು ತಿನ್ನುವ ಮಾಂಸಾಹಾರಿ ಇದು. ಮರಿಯಾಗಿದ್ದಾಗ ಹೊಟ್ಟೆ ತುಂಬ ಸಿಕ್ಕರೆ ಬೇಗ ಬೆಳೆಯುತ್ತದೆ, ಸಿಗದಿದ್ದರೆ ಸೊರಗುತ್ತದೆ.

ನಾಲ್ಕನೆಯದು ನೀರಿನ ಬಿಸಿ. ಮೀನಿಗೆ ನಮ್ಮ ಹಾಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯಿಲ್ಲ. ನೀರು ತಣ್ಣಗಾದರೆ ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವೂ ಇಂಗುತ್ತದೆ. ಮೊಟೊರೊಗೆ 26ರಿಂದ 28 ಡಿಗ್ರಿ ಬೇಕು. ಡಿಸೆಂಬರ್ ರಾತ್ರಿ ನಮ್ಮ ಯಲಹಂಕದ ಚಳಿ 15 ಡಿಗ್ರಿಯ ಹತ್ತಿರ ಇಳಿಯುತ್ತದೆ.

ಐದನೆಯದು ನೀರಿನ ಶುದ್ಧಿ. ಮೀನಿನ ಕಿವಿರಿನಿಂದಲೂ ಹೊಲಸಿನಿಂದಲೂ ಅಮೋನಿಯ ಹೊರಬರುತ್ತದೆ. ಕೆರೆಯಲ್ಲಾದರೆ ಅದು ಅಗಾಧ ನೀರಿನಲ್ಲಿ ತಿಳಿಯಾಗುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಚಿಕ್ಕ ತೊಟ್ಟಿಯಲ್ಲಿ ದೊಡ್ಡ ಮೀನಿದ್ದರೆ ಅದು ತನ್ನ ವಿಷದಲ್ಲೇ ಈಜಬೇಕು.

"ಹಾಗಾದ್ರೆ ಅಂಗಡಿಯಣ್ಣ ಹೇಳಿದ್ದು ಸುಳ್ಳಾ ತಾತಾ?"

ಪೂರ್ತಿ ಸುಳ್ಳಲ್ಲ ಎಂದೆ. ಇಕ್ಕಟ್ಟಿನಲ್ಲಿ ಮೀನು ಕುಳ್ಳಗೇ ಉಳಿಯುವುದು ನಿಜ. ಆದರೆ ಅದು ಮೀನು ತೊಟ್ಟಿಗೆ ಹೊಂದಿಕೊಂಡದ್ದಲ್ಲ. ಅದರ ಬೆಳವಣಿಗೆಯನ್ನು ನಾವು ತಡೆದದ್ದು. ಅಂಥ ನೀರಿನಲ್ಲಿ ಮೀನು ಸುಲಭವಾಗಿ ರೋಗಕ್ಕೆ ಬೀಳುತ್ತದೆ.

ನಮ್ಮ ಕಡೆಯ ಮೀನುಗಳದ್ದೇ ಒಂದು ಉದಾಹರಣೆ ಕೊಟ್ಟೆ. ಇಲ್ಲೇ ಹೆಸರಘಟ್ಟದಲ್ಲಿ ಸಿಹಿನೀರಿನ ಮೀನು ಸಾಕಣೆಯ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕಾಟ್ಲಾ, ರೋಹು ಸಾಕುವವರು ಹೊಂಡಕ್ಕೆ ಎಷ್ಟು ಮರಿ ಬಿಡಬೇಕೆಂದು ಎಣಿಸಿಯೇ ಬಿಡುತ್ತಾರೆ. ಹೆಚ್ಚಾದರೆ ಯಾವುದೂ ಬೆಳೆಯುವುದಿಲ್ಲ. ಆಂಧ್ರದ ಮೀನು ಸಾಕಣೆಗಾರರು ಇನ್ನೊಂದು ಉಪಾಯ ಮಾಡುತ್ತಾರೆ. ಮರಿಗಳನ್ನು ಬೇಕೆಂದೇ ಒತ್ತೊತ್ತಾಗಿಟ್ಟು, ಕಡಿಮೆ ಊಟ ಕೊಟ್ಟು, ವರ್ಷದ ಹೊತ್ತು ಕುಳ್ಳಗಿರಿಸುತ್ತಾರೆ. ಆಮೇಲೆ ವಿಶಾಲ ಹೊಂಡಕ್ಕೆ ಬಿಟ್ಟರೆ ಅವು ಕಳೆದದ್ದನ್ನು ತುಂಬಿಕೊಳ್ಳುವಂತೆ ಭರಭರನೆ ಬೆಳೆಯುತ್ತವೆ. ಅಂದರೆ ಬೆಳೆಯುವ ಶಕ್ತಿ ಅವುಗಳೊಳಗೆ ಕಾದು ಕೂತಿತ್ತು. ಅಂಗಡಿಯ ಆ ಮರಿಗೆ ನಮ್ಮ ಮನೆಯಲ್ಲಿ ವಿಶಾಲ ಹೊಂಡ ಎಂದೂ ಸಿಗುತ್ತಿರಲಿಲ್ಲ.

ಅವಳು ಎದ್ದು ಹಳೆಯ ಪೇಪರ್ ಹಾಳೆ ಬಿಡಿಸಿ, ದಾರ ಕಟ್ಟಿದ ಪೆನ್ಸಿಲ್‌ನಿಂದ ಅರ್ಧ ಮೀಟರ್ ಅಗಲದ ವೃತ್ತ ಬರೆದು ಕತ್ತರಿಸಿದಳು. ನಮ್ಮಲ್ಲಿರುವ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ. ಪೇಪರ್ ಮೀನು ಅದರ ಬಾಯಿಯ ಮೇಲೆ ಕೂತಾಗ ಎರಡೂ ಬದಿ ಹೊರಗೆ ಚಾಚಿತು. ಬಾಲ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ.

"ಇದು ತಿರುಗೋದಕ್ಕೂ ಆಗಲ್ಲ" ಎಂದಳು ಮೆಲ್ಲಗೆ.

ದೊಡ್ಡದಾದ ಮೇಲೆ ಹೆಬ್ಬಾಳ ಕೆರೆಗೆ ಬಿಟ್ಟರಾಯಿತು ಎಂದು ಅವಳ ಅಣ್ಣ ಬಾಯಿ ಹಾಕಿದ. ಅದೂ ಸಲ್ಲ. ಸಿಂಗಪುರದ ಒಂದು ಜಲಾಶಯದಲ್ಲಿ ಇದೇ ಮೊಟೊರೊ ಈಗ ಮನೆ ಮಾಡಿಕೊಂಡಿದೆ. ಬಾಲದ ಮುಳ್ಳಿನಲ್ಲಿ ವಿಷವಿರುವ, ಪರದೇಶದ ಮೀನನ್ನು ನಮ್ಮ ಕೆರೆಗೆ ಬಿಡುವುದು ಕೆರೆಗೂ ನ್ಯಾಯವಲ್ಲ, ಅಲ್ಲಿ ಬಲೆ ಹಾಕುವವರಿಗೂ ನ್ಯಾಯವಲ್ಲ.

ಇನ್ನೊಂದು ಲೆಕ್ಕವನ್ನು ನಾನು ಮನಸ್ಸಿನಲ್ಲೇ ಹಾಕಿಕೊಂಡೆ. ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ನನಗೆ ಈಗ 71. ಅವಳು ಕಾಲೇಜಿಗೆ ಹೋದ ಮೇಲೆ ದಿನವೂ ನೀರು ನೋಡುವವರು ಯಾರು? ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನೋಟ್‌ಬುಕ್ಕಿನ ಕೊನೆಯಲ್ಲಿ ಅವಳೇ 'ಬೇಡ' ಎಂದು ಬರೆದು, ಕಣ್ಣೊರೆಸಿಕೊಂಡು ಮಲಗಲು ಹೋದಳು.

ಮಕ್ಕಳೇ, ಮೀನಿನಂಗಡಿಗೆ ಹೋದಾಗ ಈಗ ಎಷ್ಟಿದೆ ಎಂದು ನೋಡಿ ತರಬೇಡಿ. ಪೂರ್ತಿ ಬೆಳೆದಾಗ ಎಷ್ಟಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಅಷ್ಟಗಲದ ಕಾಗದ ಕತ್ತರಿಸಿ ನಿಮ್ಮ ತೊಟ್ಟಿಯ ಮೇಲಿಟ್ಟು ನೋಡಿ. ಅಜ್ಜ ಅಜ್ಜಿಯರೇ, ಕತ್ತರಿ ಹಿಡಿಯಲು ನೀವೂ ಜೊತೆಗೆ ಕೂರಿ.

ನಮ್ಮ ತೊಟ್ಟಿಯಲ್ಲಿ ಈಗ ಗಪ್ಪಿಗಳಿವೆ. ಗಂಡು ಗಪ್ಪಿ ಹೆಬ್ಬೆರಳ ಉದ್ದವೂ ಇಲ್ಲ. ಇವುಗಳಲ್ಲೂ ಹೆಣ್ಣೇ ದೊಡ್ಡದು ಎಂದು ಮೊಮ್ಮಗಳು ಸ್ಕೇಲು ಹಿಡಿದು, ಗಾಜಿನ ಹೊರಗಿನಿಂದಲೇ ಅಳೆದು, ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ.