ಗೀಸರ್ ಬರುವ ಮುನ್ನ ಮನೆಯ ಸಿದ್ಧತೆ

ಧಾರವಾಡದ ನಮ್ಮ ಹಳೆಯ ಮನೆಯ ಬಚ್ಚಲಿಗೆ ಕಳೆದ ಚಳಿಗಾಲದಲ್ಲಿ ವಿದ್ಯುತ್ ಗೀಸರ್ ತರಿಸಬೇಕೆಂದು ನಿಶ್ಚಯಿಸಿದೆವು. ಯಂತ್ರವನ್ನು ಕೊಳ್ಳಲು ಹಿಡಿದದ್ದು ಒಂದು ಗಂಟೆ. ಅದಕ್ಕಾಗಿ ಮನೆಯನ್ನು ಅಣಿಗೊಳಿಸಲು ಹಿಡಿದದ್ದು ಹತ್ತು ದಿನ. ಓದುಗ ಬಂಧುಗಳಲ್ಲಿ ಅನೇಕರ ಮನೆಗಳು ನಮ್ಮ ಮನೆಯಂತೆಯೇ ಅಜ್ಜಂದಿರ ಕಾಲದವು. ಆ ಹತ್ತು ದಿನಗಳಲ್ಲಿ ನಾವು ಕಂಡುಕೊಂಡದ್ದು ಅವರಿಗೆ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ತಾಯಿಯವರಿಗೆ ಈಗ 78 ವರ್ಷ. ನಸುಕಿನ ಐದು ಗಂಟೆಗೆ ಮಿಂದು ಲಿಂಗಪೂಜೆಗೆ ಕುಳಿತುಕೊಳ್ಳುವ ರೂಢಿಯನ್ನು ಅವರು ಇಂದಿಗೂ ಬಿಟ್ಟಿಲ್ಲ. ಬಗ್ಗಿ ಹಂಡೆಯೊಲೆಗೆ ಕಟ್ಟಿಗೆ ತುರುಕುವುದು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವುದು ಅವರಿಂದ ಆಗದಂತಾಯಿತು. ಗೀಸರಿನ ವಿಚಾರ ಹುಟ್ಟಿದ್ದು ಈ ಕಾರಣದಿಂದ. ಆದರೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ವೃದ್ಧರೊಬ್ಬರ ಸಮೀಪಕ್ಕೆ ವಿದ್ಯುತ್ತನ್ನು ಒಯ್ಯುತ್ತಿದ್ದೇವೆ ಎಂಬ ಅಳುಕು ಮೊದಲ ದಿನದಿಂದಲೂ ನಮ್ಮನ್ನು ಕಾಡುತ್ತಿತ್ತು.

ಆ ಅಳುಕು ನಿರಾಧಾರವಾಗಿರಲಿಲ್ಲ. ಬಚ್ಚಲಿನ ಹೊರಗೋಡೆಯಲ್ಲಿ ಮೂರು ರಂಧ್ರಗಳ ಸಾಕೆಟ್ ಮೊದಲೇ ಇತ್ತು. ಅದರ ಮೇಲಿನ ದೊಡ್ಡ ರಂಧ್ರವು ಅರ್ಥಿಂಗ್ ತಂತಿಗೆ ಮೀಸಲಾದದ್ದು. ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ ನೋಡಿದಾಗ ಆ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ! ಎಂದೋ ಕೂಡಿಸಿದ ಯಾರೋ ಪುಣ್ಯಾತ್ಮರು ತೋರಿಕೆಗೆ ಮೂರು ರಂಧ್ರ ಇರಿಸಿ ಹೋಗಿದ್ದರು. ಗೀಸರಿನೊಳಗೆ ನೀರನ್ನು ಕಾಯಿಸುವ ಕಾಯಿಲ್ ಎಂದಾದರೂ ಬಿರುಕುಬಿಟ್ಟರೆ ವಿದ್ಯುತ್ತು ನೀರಿಗೂ ಲೋಹದ ಕೊಳವೆಗೂ ಇಳಿಯುತ್ತದೆ. ಅರ್ಥಿಂಗ್ ಇದ್ದರೆ ಅದು ತಂತಿಯ ಗುಂಟ ನೆಲಕ್ಕೆ ಹರಿದು ಫ್ಯೂಜು ಹೋಗುತ್ತದೆ. ಇಲ್ಲದಿದ್ದರೆ ಅದು ನೆಲವನ್ನು ಸೇರುವ ದಾರಿ ಮೀಯುವವರ ಶರೀರವೇ ಆಗಿಬಿಡುತ್ತದೆ.

ಹಿತ್ತಲಿನಲ್ಲಿ ಆಳವಾದ ಗುಂಡಿ ತೋಡಿಸಿ, ಕೊಳವೆ ಹೂಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ತುಂಬಿಸಿ, ಅಲ್ಲಿಂದ ಹೊಸ ತಂತಿ ಎಳೆಸಿದೆವು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ. ಇದಲ್ಲದೆ ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಕೂಡಿಸಿದೆವು. ಹಳಬರು ಇದನ್ನೇ ಇ.ಎಲ್.ಸಿ.ಬಿ. ಎನ್ನುವುದುಂಟು. ಅಷ್ಟು ಸಣ್ಣ ಸೋರಿಕೆಯಾದರೂ ಅದು ಕಣ್ಣೆವೆ ಇಕ್ಕುವುದರೊಳಗೆ ವಿದ್ಯುತ್ತನ್ನು ಕಡಿದುಹಾಕುತ್ತದೆ. ಹೊಸ ಮನೆಗಳವರೂ ಸಾಕೆಟ್ಟಿನ ಅಂದ ನೋಡಿ ನೆಚ್ಚಿ ಕೂಡದೆ, ಬಲ್ಲವರಿಂದ ಮೀಟರ್ ಇಟ್ಟು ಪರೀಕ್ಷೆ ಮಾಡಿಸುವುದು ಲೇಸು.

2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪ-ಫ್ಯಾನುಗಳ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬಾರದು. 16 ಆಂಪಿಯರ್ ಸಾಕೆಟ್ಟು, ಮುಖ್ಯ ಬೋರ್ಡಿನಿಂದಲೇ ಬರುವ ಪ್ರತ್ಯೇಕ ತಾಮ್ರದ ತಂತಿ, ಒದ್ದೆ ಕೈಗೆ ಎಟುಕದಂತೆ ಬಚ್ಚಲಿನ ಹೊರಗೆ ಸ್ವಿಚ್ಚು: ಇಷ್ಟನ್ನು ಮೊದಲೇ ಮಾಡಿಸಿರಬೇಕು.

ಗೋಡೆಯ ಮಾತು ಬೇರೆ. 25 ಲೀಟರ್ ಗೀಸರಿನಲ್ಲಿ ನೀರಿನ ತೂಕವೇ 25 ಕಿಲೋ. ಯಂತ್ರದ ತೂಕವನ್ನೂ ಕೂಡಿಸಿದರೆ ಅದು 30 ಕಿಲೋ ಮೀರುತ್ತದೆ. ನಮ್ಮದು ಕಲ್ಲು-ಮಣ್ಣಿನ ಗೋಡೆ, ಮೇಲೆ ಗಾರೆ. ಡ್ರಿಲ್ ಹಾಕಿದರೆ ಮಣ್ಣು ಉದುರಿತೇ ಹೊರತು ಬೋಲ್ಟು ಕಚ್ಚಲಿಲ್ಲ. ಗೌಂಡಿಯವರು ಆ ಭಾಗವನ್ನು ಕೊರೆದು ಕಾಂಕ್ರೀಟ್ ತುಂಬಿ, ಏಳು ದಿನ ನೀರುಣಿಸಿದ ಮೇಲೆಯೇ ಬೋಲ್ಟು ಹೊಡೆಯಲು ಒಪ್ಪಿದರು. ಅವಸರದ ನಮ್ಮ ತಮ್ಮನವರು ಗೊಣಗಿದರಾದರೂ ಗೌಂಡಿಯವರು ಜಗ್ಗಲಿಲ್ಲ. ಮೀಯುವವರ ತಲೆಯ ಮೇಲೆ ಬಾರದಂತೆ ಪಕ್ಕದ ಗೋಡೆಯನ್ನೇ ಆರಿಸಿಕೊಂಡೆವು.

ಬಿಸಿನೀರಿನ ಸಾಲಿಗೆ ಸಾಮಾನ್ಯ ಪಿ.ವಿ.ಸಿ. ಪೈಪು ನಡೆಯದು, ಮೆತ್ತಗಾಗುತ್ತದೆ, ಸಿ.ಪಿ.ವಿ.ಸಿ. ಬೇಕು. ನಲ್ಲಿಗೆ ಮಲಪ್ರಭೆಯ ನೀರು ಬಾರದ ದಿನ ನಮಗೆ ಕೊಳವೆಬಾವಿಯ ಗಡಸು ನೀರೇ ಗತಿ. ಅದರ ಸುಣ್ಣ ಕಾಯಿಲಿಗೆ ಗಟ್ಟಿಯಾಗಿ ಕಟ್ಟುತ್ತದೆ. ತುಕ್ಕು ತಡೆಯಲು ಒಳಗಿರುವ ಮೆಗ್ನೀಷಿಯಂ ಸರಳೂ ಬೇಗ ಸವೆಯುತ್ತದೆ. ಆದಕಾರಣ ಬಿಚ್ಚಿ ತೆಗೆಯಲು ಕೆಳಗೆ ಕೈಯಾಡುವಷ್ಟು ಸ್ಥಳ ಬಿಡಿಸಿದೆವು. ಸೇಫ್ಟಿ ವಾಲ್ವಿನಿಂದ ಹನಿ ತೊಟ್ಟಿಕ್ಕುವುದನ್ನು ಕಂಡು ಕೆಲವರು ಅದನ್ನು ಬಿರಡೆ ಹಾಕಿ ಮುಚ್ಚುತ್ತಾರೆ. ಕಾದ ನೀರು ಹಿಗ್ಗುತ್ತದೆ, ಅದಕ್ಕೆ ಹೊರದಾರಿ ಬೇಕು. ಮುಚ್ಚಿದರೆ ತೊಟ್ಟಿಯೇ ಒಡೆದೀತು. ಒಂದು ಸಣ್ಣ ಕೊಳವೆಯಿಂದ ಆ ಹನಿಯನ್ನು ಮೋರಿಗೆ ಇಳಿಬಿಟ್ಟರಾಯಿತು.

ಖರ್ಚು ಕಡಿಮೆಯೆಂದು ಮಾವನವರು ಗ್ಯಾಸ್ ಗೀಸರ್ ಸೂಚಿಸಿದ್ದರು. ಕಿಂಡಿಯಿಲ್ಲದ ನಮ್ಮ ಬಚ್ಚಲಿಗೆ ಅದು ಸಲ್ಲದು. ಅದರಿಂದ ಹೊರಡಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಗಳಿ ಹಾಕಿಕೊಂಡು ಮೀಯುವವರು ಅರಿವಿಲ್ಲದೆಯೇ ಪ್ರಾಣ ಬಿಟ್ಟಾರು.

ಹಂಡೆಯೊಲೆಯನ್ನು ಕೆಡವಲು ತಾಯಿಯವರು ಸಮ್ಮತಿಸಲಿಲ್ಲ. ಕರೆಂಟು ಹೋದ ದಿನ ಏನು ಮಾಡುವಿರೆಂದು ಕೇಳಿದರು, ನಮ್ಮಲ್ಲಿ ಉತ್ತರವಿರಲಿಲ್ಲ.

ಕೊನೆಯ ದಿನ ಎಲೆಕ್ಟ್ರಿಷಿಯನ್ ಮೊದಲು ಬಿಸಿನೀರಿನ ನಲ್ಲಿಯನ್ನು ತೆರೆದಿಟ್ಟು, ಗಾಳಿಯೆಲ್ಲ ಹೊರಟು ನೀರು ಎಡೆಬಿಡದೆ ಬರುವವರೆಗೆ ಕಾದರು. ಬರಿದಾದ ತೊಟ್ಟಿಗೆ ವಿದ್ಯುತ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆಯಂತೆ. ಬಳಿಕ ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ತಾಯಿಯವರ ಕೈಯಿಂದಲೇ ಒತ್ತಿಸಿದರು. ಟಕ್ಕೆಂದು ಮನೆಯೆಲ್ಲ ಕತ್ತಲಾಯಿತು. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡುವ ಕಾಯಕವನ್ನು ಈಗ ಅವರೇ ವಹಿಸಿಕೊಂಡಿದ್ದಾರೆ.