ಒಂದೂವರೆ ಸಾವಿರ

"ಭಾಯಿ, ಇನ್ನೊಮ್ಮೆ ಕೋರ್ಟಿಗೆ ಹೋಗೋಣವಾ?" ಎಂದು ತಂಗಿ ಕೇಳಿದಾಗ, "ಬರುತ್ತಿರುವುದೂ ನಿಂತುಹೋದರೆ?" ಎಂದಿದ್ದೆ. ಅದು 2023. ಅವಳ ತಲಾಕ್ ಆದ ಮೇಲೆ, 2014ರಲ್ಲಿ, ಹುಣಸೂರಿನ ನ್ಯಾಯಾಲಯ ಮಗನಿಗೆ ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ ಜೀವನಾಂಶ ಗೊತ್ತುಮಾಡಿತ್ತು. ಆಗ ಹುಡುಗನಿಗೆ ಮೂರು ವರ್ಷ. ಈಗ ಏಳನೆಯ ತರಗತಿ. ಹಣ ಮಾತ್ರ ಅಷ್ಟೇ ಇತ್ತು.

ಹುಡುಗನ ತಂದೆ ಪಿರಿಯಾಪಟ್ಟಣದವರು. ಮೊದಲು ಬೇರೆಯವರ ಗೂಡ್ಸ್ ಆಟೋ ಓಡಿಸುತ್ತಿದ್ದರು. ಈಗ ಎರಡು ಸ್ವಂತ ಗಾಡಿ. ಹೊಗೆಸೊಪ್ಪಿನ ಕಾಲದಲ್ಲಿ ಹರಾಜು ಮಾರುಕಟ್ಟೆಗೆ ಬಿಡುವಿಲ್ಲದ ಬಾಡಿಗೆ. ತಂಗಿಯದು ಹೊಲಿಗೆ ಯಂತ್ರದ ಸಂಪಾದನೆ. ಅವಳಿಗಿದ್ದ ಭಯ ಒಂದೇ: ಹಬ್ಬಕ್ಕೆ ಮಗನನ್ನು ಕರೆದೊಯ್ಯಲು ಬರುವ ಅಪ್ಪ, ಸಿಟ್ಟಾಗಿ ಬರುವುದನ್ನೇ ಬಿಟ್ಟರೆ?

"ತಲಾಕ್ ಆದ ಮೇಲೆ ಪದೇ ಪದೇ ಕೇಳುವುದು ಚೆನ್ನಲ್ಲ" ಎಂದರು ಹಿರಿಯರೊಬ್ಬರು. ನಾನೂ ತಲೆಯಾಡಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತಲಾಕಿನಿಂದ ಮುರಿಯುವುದು ಗಂಡ ಹೆಂಡಿರ ಸಂಬಂಧ, ತಂದೆ ಮಕ್ಕಳದ್ದಲ್ಲ. ಉಳ್ಳವನು ತನ್ನ ಅನುಕೂಲಕ್ಕೆ ತಕ್ಕಂತೆ, ಇಲ್ಲದವನು ತನಗೆ ದೊರೆತುದರಲ್ಲಿ ಖರ್ಚು ಮಾಡಬೇಕೆಂಬ ಮಾತು ಕುರ್‌ಆನಿನ ಅತ್ತಲಾಕ್ ಅಧ್ಯಾಯದಲ್ಲೇ ಇದೆ. ಗಂಡ ಸಾಕಷ್ಟು ಕೊಡುವುದಿಲ್ಲವೆಂದು ದೂರಿದ ಹಿಂದ್ ಅವರಿಗೆ, ತನಗೂ ಮಕ್ಕಳಿಗೂ ನ್ಯಾಯವಾಗಿ ಬೇಕಾದಷ್ಟನ್ನು ಆತನ ಸೊತ್ತಿನಿಂದ ತೆಗೆದುಕೊಳ್ಳಲು ಪ್ರವಾದಿವರ್ಯರು (ಸ) ಅನುಮತಿ ಕೊಟ್ಟರು. ಕೇಳುವುದು ದುರಾಸೆಯಾಗಿದ್ದರೆ ಅವರು ಹಾಗೆ ಹೇಳುತ್ತಿದ್ದರೇ?

ಕಾನೂನೂ ಇದನ್ನು ಬಲ್ಲದು. ಬಿಹಾರದ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಗಂಡ ತಲಾಕ್ ಕೊಟ್ಟು, ಹಳೆಯ ಜೀವನಾಂಶದ ಆದೇಶ ಬದಲಿಸಲು ಕೇಳಿದ. 1986ರ ಕಾಯ್ದೆಯ ಆಧಾರದಲ್ಲಿ ಹೈಕೋರ್ಟ್ ಮಕ್ಕಳ ಹಕ್ಕನ್ನು ಎರಡು ವರ್ಷ ವಯಸ್ಸಿಗೇ ನಿಲ್ಲಿಸಿತು. ಸುಪ್ರೀಂ ಕೋರ್ಟ್ 1997ರಲ್ಲಿ ಅದನ್ನು ತಳ್ಳಿಹಾಕಿ, ಪ್ರಾಯಕ್ಕೆ ಬರುವವರೆಗೂ, ಹೆಣ್ಣುಮಕ್ಕಳಾದರೆ ಮದುವೆಯವರೆಗೂ ಹಕ್ಕಿದೆ ಎಂದಿತು.

ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಲು ದಂಡ ಪ್ರಕ್ರಿಯಾ ಸಂಹಿತೆಯ 127ನೇ ಕಲಮಿನಲ್ಲಿ ಅವಕಾಶವಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ. ಇದು ಎರಡೂ ಕಡೆಗೆ ತೆರೆದ ಬಾಗಿಲು: ದುಡಿಮೆ ಕುಸಿದ ತಂದೆ ಕಡಿಮೆ ಮಾಡಲೂ ಕೇಳಬಹುದು.

ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಂಗಿ ಶಾಲೆಯ ರಸೀದಿ, ಔಷಧಿ ಚೀಟಿಗಳನ್ನೆಲ್ಲ ಜೋಡಿಸಿಕೊಂಡಳು. 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕಾಯಿತು. ಗಾಡಿಯ ಸಾಲವಿದೆ, ಎರಡನೆಯ ಸಂಸಾರದಲ್ಲಿ ಇಬ್ಬರು ಮಕ್ಕಳಿದ್ದಾರೆ ಎಂದರು ಅವರು. ಅದೂ ಸುಳ್ಳಾಗಿರಲಿಲ್ಲ. ನಾವು ಆರು ಸಾವಿರ ಕೇಳಿದ್ದೆವು. 2024ರ ಕೊನೆಗೆ ನಾಲ್ಕು ಸಾವಿರವಾಯಿತು.

2025ರ ರಂಜಾನ್ ಹಬ್ಬಕ್ಕೆ ಅವರು ಬರಲಿಲ್ಲ. ಹುಡುಗ ಹೊಸ ಬಟ್ಟೆ ತೊಟ್ಟು ಮಧ್ಯಾಹ್ನದವರೆಗೂ ಜಗಲಿಯಲ್ಲಿ ಕೂತಿದ್ದ. ತಂಗಿ ನನ್ನ ಮುಖ ನೋಡಲಿಲ್ಲ.

ಬಕ್ರೀದಿಗೆ ಬಂದರು. ತನ್ನ ಭುಜಕ್ಕೆ ಸಮನಾಗಿ ನಿಂತ ಮಗನನ್ನು ನೋಡಿ, "ಇಷ್ಟು ಎತ್ತರ ಆಗಿದ್ದೀಯಾ!" ಎಂದರು.

ನ್ಯಾಯಾಲಯದಲ್ಲಿ ತಂಗಿ ಹೇಳಿದ್ದೂ ಅಷ್ಟೇ.